ಹಾಲು, ಗೋಧಿ ಬಿಟ್ಟರೂ ಹೊಟ್ಟೆಯುಬ್ಬರ ನಿಲ್ಲದಿದ್ದರೆ

ಮೂರು ವಾರದಿಂದ ಹಾಲು, ಗೋಧಿ ಬಿಟ್ಟಿದ್ದರೂ ಹೊಟ್ಟೆಯುಬ್ಬರ ಇಳಿದಿಲ್ಲ ಎಂದು ಬರೆದಿದ್ದೀರಿ. ಅದಕ್ಕೆ ಬಹುಶಃ ನಿಮ್ಮ ನಿತ್ಯದ ಹುಳಿ, ಪಲ್ಯಗಳಲ್ಲಿ ಉಳಿದುಕೊಂಡಿರುವ ಈರುಳ್ಳಿ, ಬೆಳ್ಳುಳ್ಳಿಗಳೇ ಕಾರಣ. ಅವುಗಳಲ್ಲಿರುವ ಫ್ರಕ್ಟಾನ್ ಎಂಬ ಕಾರ್ಬೋಹೈಡ್ರೇಟ್ ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗಿಳಿದು, ಅಲ್ಲಿ ಹುದುಗಿ ವಾಯುವಾಗುತ್ತದೆ. ನಿಮ್ಮ ವಿವರಣೆಯಷ್ಟರಿಂದ ಇದನ್ನು ಖಚಿತವಾಗಿ ಹೇಳಲಾಗದು.

ಮೊದಲು ವೈದ್ಯರ ಬಳಿ ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ರಕ್ತಪರೀಕ್ಷೆಯ ವಿಷಯ ಕೇಳಿ. ಗೋಧಿ ಬಿಟ್ಟಿರುವಾಗ ಅದರ ಫಲಿತಾಂಶ ನಂಬುವಂತಿರುವುದಿಲ್ಲವಾದ್ದರಿಂದ, ಪರೀಕ್ಷೆಗೆ ಮುನ್ನ ಕೆಲವು ವಾರ ಮತ್ತೆ ಗೋಧಿ ತಿನ್ನಬೇಕಾದೀತು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವುಗಳಲ್ಲಿ ಒಂದಿದ್ದರೂ ಪಥ್ಯವನ್ನು ಬದಿಗಿಟ್ಟು ತಪಾಸಣೆ ಮಾಡಿಸಿಕೊಳ್ಳಿ.

ಅನಂತರ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯ ರೂಪಿಸಿದ ಫಾಡ್‌ಮ್ಯಾಪ್ ಪಥ್ಯದಂತೆ (ಹೀಗೆ ಅರಗದೆ ಕರುಳಿನಲ್ಲಿ ಹುದುಗುವ ಪದಾರ್ಥಗಳನ್ನು ಕೆಲಕಾಲ ಬಿಡುವ ಪಥ್ಯ), ಈಗ ಬಿಟ್ಟಿರುವುದರ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ, ರಾಜ್ಮಾ, ಸೇಬು, ಮಾವುಗಳನ್ನೂ ನಾಲ್ಕು ವಾರ ಬಿಡಿ. ಆರು ವಾರ ಮೀರಬೇಡಿ. ಅನ್ನಕ್ಕೆ ತೊಂದರೆಯಿಲ್ಲ. ಸಾರಿನಲ್ಲಿ ಬೆಳ್ಳುಳ್ಳಿ ಕುದಿಸಿ ಎಸಳನ್ನು ಎತ್ತಿಹಾಕಿದರೆ ಪ್ರಯೋಜನವಿಲ್ಲ, ಏಕೆಂದರೆ ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಆದ್ದರಿಂದ ಒಗ್ಗರಣೆಯ ಎಣ್ಣೆಯಲ್ಲಿ ಇಡೀ ಎಸಳನ್ನು ಹುರಿದು, ಬೇರೇನನ್ನೂ ಹಾಕುವ ಮೊದಲೇ ತೆಗೆದುಬಿಟ್ಟರೆ ಪರಿಮಳವಾದರೂ ಉಳಿಯುತ್ತದೆ. ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟು ಬೆರೆತಿರುತ್ತದೆ; ಲೇಬಲ್ ಓದಿ.

ಉಬ್ಬರ ಇಳಿದರೆ ಒಂದೊಂದೇ ಪದಾರ್ಥವನ್ನು ಮೂರು ದಿನ ಸ್ವಲ್ಪಸ್ವಲ್ಪ ಹೆಚ್ಚಿಸುತ್ತ ತಿಂದು ನೋಡಿ, ನಡುವೆ ಎರಡು ಮೂರು ದಿನ ಬಿಡುವು ಕೊಡಿ, ಪ್ರಮಾಣವನ್ನೂ ಲಕ್ಷಣವನ್ನೂ ಬರೆದಿಡಿ. ಏನೂ ಇಳಿಯದಿದ್ದರೆ ಪಥ್ಯ ನಿಲ್ಲಿಸಿ, ಜಠರ-ಕರುಳು ತಜ್ಞರನ್ನು ಕಾಣಿ.