ಯೆಜ್ದಿ ಎಂಜಿನ್ ಮೂಲೆಗಿರಲಿ, ಮೊದಲು ರೆಕ್ಕೆ ನೋಡೋಣ

ಮದ್ದೂರು ಕಡೆಯ ಸದಸ್ಯರು ನಿನ್ನೆ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರ ಬರೀತಿದ್ದೀನಿ. ಅವರ ಅಕ್ಕನ ಮಗ ಐಟಿಐ ಫಿಟ್ಟರ್ ಮುಗಿಸಿದ್ದಾನೆ. ಮನೇಲಿ ಹಳೇ ಯೆಜ್ದಿ ಬೈಕಿನ ಎಂಜಿನ್ ಇದೆ, ಮುಚ್ಚಿದ ಆಲೆಮನೆ ಶೆಡ್ ಇದೆ. ಬಿದಿರು, ಅಲ್ಯೂಮಿನಿಯಂ ಪೈಪ್ ಹಾಕಿ ಒಬ್ಬ ಕೂರೋ ವಿಮಾನ ಕಟ್ತೀನಿ ಅಂತ ಹಟ ಹಿಡಿದಿದ್ದಾನೆ. "ರೈಟ್ ಸಹೋದರರು ಸೈಕಲ್ ಅಂಗಡಿಯವರು, ಬೋಯಿಂಗ್ ಮರದ ವ್ಯಾಪಾರಿ, ನಾನ್ಯಾಕೆ ಮಾಡಬಾರದು" ಅಂತ ಅವನ ವಾದ. ಬಿಡೋದಾ, ತಡೆಯೋದಾ, ಬಿಟ್ರೆ ಎಲ್ಲಿಂದ ಶುರು ಮಾಡಿಸೋದು ಅಂತ ಕೇಳಿದ್ದಾರೆ.

ತಡೀಬೇಡಿ. ಎಂಜಿನ್ನಿಗೆ ಮಾತ್ರ ಗೋಣಿಚೀಲ ಹೊದಿಸಿ ಮೂಲೆಗಿಡಿಸಿ.

ಹುಡುಗ ಹೇಳ್ತಿರೋದು ಸುಳ್ಳಲ್ಲ. 1916ರಲ್ಲಿ ಕಂಪನಿ ಶುರು ಮಾಡೋ ಮುಂಚೆ ವಿಲಿಯಂ ಬೋಯಿಂಗ್ ಮರದ ವ್ಯಾಪಾರದಲ್ಲೇ ದುಡ್ಡು ಮಾಡಿದ್ದು. ಗ್ಲೆನ್ ಕರ್ಟಿಸ್ ಮೋಟಾರ್ ಸೈಕಲ್ ಮಾಡ್ತಿದ್ದ. 1909ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿದ ಲೂಯಿ ಬ್ಲೆರಿಯೋ ಕಾರಿನ ಹೆಡ್‌ಲ್ಯಾಂಪ್ ಮಾಡ್ತಿದ್ದವನು. ಕ್ಲೈಡ್ ಸೆಸ್ನಾ ಅಂತೂ ಕ್ಯಾನ್ಸಸ್‌ನ ರೈತ. ಆದರೆ ಯೂಟ್ಯೂಬಲ್ಲಿ ಈ ಕಥೆಗಳನ್ನ ಹೇಳೋರು ಮಧ್ಯದ ನಾಲ್ಕೈದು ವರ್ಷ ನುಂಗಿಹಾಕ್ತಾರೆ. ಕಲಿಯೋದೆಲ್ಲ ಇರೋದು ಅಲ್ಲೇ.

ರೈಟ್ ಸಹೋದರರದ್ದೇ ತಗೊಳ್ಳಿ. 1899ರಲ್ಲಿ ಅವರು ಮಾಡಿದ್ದು ಒಂದು ಗಾಳಿಪಟ. ರೆಕ್ಕೆಯ ತುದಿ ತಿರುಚಿದ್ರೆ ಅದು ಪಕ್ಕಕ್ಕೆ ವಾಲುತ್ತಾ ಅಂತ ನೋಡೋಕೆ. 1900, 1901, 1902ರಲ್ಲಿ ವರ್ಷಕ್ಕೊಂದು ಗ್ಲೈಡರ್. 1901ರ ಗ್ಲೈಡರ್ ಲೆಕ್ಕದ ಪ್ರಕಾರ ಎತ್ತಲಿಲ್ಲ ಅಂತ ಮನೇಲೇ ಗಾಳಿ ಸುರಂಗದ ಪೆಟ್ಟಿಗೆ (ಒಳಗೆ ಗಾಳಿ ಬೀಸಿ ರೆಕ್ಕೆ ಪರೀಕ್ಷಿಸೋದು) ಕಟ್ಟಿ ಸುಮಾರು 200 ನಮೂನೆಯ ಪುಟ್ಟ ರೆಕ್ಕೆಗಳನ್ನ ಅಳೆದರು. 1902ರ ಗ್ಲೈಡರ್‌ನಲ್ಲಿ ನೂರಾರು ಸಲ ಮರಳು ದಿಬ್ಬದಿಂದ ಇಳಿದು ಹತೋಟಿ ಕಲಿತರು. ಎಂಜಿನ್ ಬಂದದ್ದು ಅದೆಲ್ಲ ಆದಮೇಲೆ. ಅದನ್ನೂ ಅವರ ಅಂಗಡಿ ಮೆಕ್ಯಾನಿಕ್ ಚಾರ್ಲಿ ಟೇಲರ್ ಸುಮಾರು ಆರು ವಾರದಲ್ಲಿ ಮಾಡಿಕೊಟ್ಟ. ಸುಮಾರು 12 ಅಶ್ವಶಕ್ತಿ ಅಷ್ಟೇ.

ಅದೇ ಹೊತ್ತಿಗೆ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಅನ್ನೋ ದೊಡ್ಡ ವಿಜ್ಞಾನಿ ಸರ್ಕಾರದ ದುಡ್ಡಲ್ಲಿ ಮನುಷ್ಯ ಕೂರೋ ವಿಮಾನ ಕಟ್ಟಿದ್ದ. ಅವನ ಎಂಜಿನ್ 52 ಅಶ್ವಶಕ್ತಿ, ಆ ಕಾಲಕ್ಕೆ ಅದ್ಭುತವಾದದ್ದು. 1903ರ ಅಕ್ಟೋಬರ್ 7ಕ್ಕೆ ಒಂದು ಸಲ, ಡಿಸೆಂಬರ್ 8ಕ್ಕೆ ಇನ್ನೊಂದು ಸಲ ದೋಣಿ ಮೇಲಿಂದ ಚಿಮ್ಮಿಸಿದರು. ಎರಡು ಸಲವೂ ಸೀದಾ ಪೊಟೋಮ್ಯಾಕ್ ನದಿಗೆ. ಎರಡನೇದಾಗಿ ಬಿದ್ದ ಒಂಬತ್ತನೇ ದಿನ, ಡಿಸೆಂಬರ್ 17ಕ್ಕೆ, 12 ಅಶ್ವಶಕ್ತಿಯದ್ದು ಹಾರಿತು. 12 ಸೆಕೆಂಡು, 120 ಅಡಿ. ಹುಡುಗನಿಗೆ ಇದೊಂದು ಕಥೆ ಸರಿಯಾಗಿ ಹೇಳಿ, ಮಿಕ್ಕಿದ್ದು ತಾನೇ ಅರ್ಥ ಆಗುತ್ತೆ.

"ನಮ್ಮ ಯೆಜ್ದಿಯೂ ಹನ್ನೆರಡು ಹದಿಮೂರು ಅಶ್ವಶಕ್ತಿ ಇದೆಯಲ್ಲ" ಅಂತ ಅವನು ಖಂಡಿತ ಕೇಳ್ತಾನೆ. ಮೈಸೂರಿನ ಹುಡುಗರು ಎಲ್ಲರೂ ಕೇಳೋ ಪ್ರಶ್ನೆ ಇದು, ನಮ್ಮೂರಲ್ಲೇ ತಯಾರಾದ ಬೈಕಲ್ಲವಾ! ರೈಟ್ ವಿಮಾನಕ್ಕೆ ಎಂಟೂವರೆ ಅಡಿಯ ಎರಡು ಪ್ರೊಪೆಲ್ಲರ್. ಚೈನ್ ಹಾಕಿ ವೇಗ ಇಳಿಸಿ, ನಿಮಿಷಕ್ಕೆ ಸುಮಾರು 350 ಸುತ್ತು ಮಾತ್ರ ತಿರುಗಿಸ್ತಿದ್ರು. ದೊಡ್ಡ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗಿದ್ರೆ ಕಡಿಮೆ ಶಕ್ತಿಯಲ್ಲಿ ಜಾಸ್ತಿ ಎಳೆತ ಸಿಗುತ್ತೆ. ಅದರ ಜೊತೆ ಅವತ್ತು ಗಂಟೆಗೆ 32 ಕಿ.ಮೀ.ಗೂ ಮಿಕ್ಕಿ ಎದುರುಗಾಳಿ ಬೀಸ್ತಿತ್ತು. ಅಷ್ಟೆಲ್ಲ ಕೂಡಿ ಬಂದು 12 ಸೆಕೆಂಡು.

ಬೈಕಿನ ಎಂಜಿನ್ ಕೆಲಸವೇ ಬೇರೆ. ಪೂರ್ತಿ ಥ್ರಾಟಲ್ ಕೊಡೋದು ಓವರ್‌ಟೇಕ್ ಮಾಡುವಾಗ ಸ್ವಲ್ಪ ಹೊತ್ತು, ಆಮೇಲೆ ಕೈ ಸಡಿಲ. ವಿಮಾನದಲ್ಲಿ ಏರುವಷ್ಟು ಹೊತ್ತೂ ಪೂರ್ತಿ ಶಕ್ತಿ ಬೇಕು, ಮೇಲೆ ಹೋದಮೇಲೂ ಮುಕ್ಕಾಲು ಪಾಲು ಬಿಡದೆ ಬೇಕು. ಟೂ ಸ್ಟ್ರೋಕ್ ಎಂಜಿನ್ ಬಿಸಿಯೇರಿ ಪಿಸ್ಟನ್ ಹಿಡಿದರೆ ರಸ್ತೇಲಿ ಕ್ಲಚ್ ಒತ್ತಿ ಪಕ್ಕಕ್ಕೆ ನಿಲ್ಲಿಸ್ತೀವಿ. ಐವತ್ತು ಅಡಿ ಎತ್ತರದಲ್ಲಿ ಪಕ್ಕ ಅನ್ನೋದು ಇಲ್ಲ. ಇನ್ನೊಂದು, ಪ್ರೊಪೆಲ್ಲರ್ ಶಾಫ್ಟನ್ನ ಮುಂದಕ್ಕೆ ಎಳೆಯುತ್ತೆ. ಆ ಎಳೆತ ತಡೆಯೋ ಬೇರಿಂಗ್ ಬೈಕಿನ ಕ್ರ್ಯಾಂಕಲ್ಲಿ ಇರಲ್ಲ. ಒಬ್ಬರೇ ಕೂರೋ ಹಗುರ ವಿಮಾನಗಳಿಗೆ ಸಾಮಾನ್ಯವಾಗಿ ಹಾಕೋದು 30ರಿಂದ 40 ಅಶ್ವಶಕ್ತಿ.

ಹಾಗಂತ ಗಾಡಿ ಎಂಜಿನ್ನಲ್ಲಿ ಯಾರೂ ಹಾರಲೇ ಇಲ್ಲ ಅಂತಲ್ಲ. ಅಮೆರಿಕದ ಮಿನೆಸೋಟದ ಚೆರ್ರಿ ಗ್ರೋವ್ ಅನ್ನೋ ಹಳ್ಳಿಯ ಬರ್ನಾರ್ಡ್ ಪೀಟನ್‌ಪೋಲ್ ತಾನೇ ಕಲಿತ ಮೆಕ್ಯಾನಿಕ್. 1929ರಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಹಾಕಿ ಮರದ ವಿಮಾನ ಹಾರಿಸಿದ. ಆ ಎಂಜಿನ್ ಭಾರ ಜಾಸ್ತಿ, ಆದರೆ 40 ಅಶ್ವಶಕ್ತಿಯನ್ನ ನಿಧಾನ ತಿರುಗಿಯೇ ಕೊಡುತ್ತೆ, ಹಾಗಾಗಿ ಪ್ರೊಪೆಲ್ಲರ್ ನೇರವಾಗಿ ಕೂರಿಸಬಹುದಿತ್ತು. ಅವನ ನಕ್ಷೆ ತಗೊಂಡು ಜನ ಇವತ್ತಿಗೂ ಕಟ್ತಾರೆ. ಮನೇಲಿ ವಿಮಾನ ಕಟ್ಟೋರಲ್ಲಿ ನನಗೆ ತುಂಬಾ ಹಿಡಿಸೋ ಮನುಷ್ಯ ಇವನೇ, ಮುಂದೆ ಹೇಳೋ ಬರ್ಟ್ ರುಟಾನ್‌ಗಿಂತಲೂ.

ಎರಡನೇ ಮಾತು. ಶೆಡ್ಡಿಂದ ಶುರು ಮಾಡಿ ಉಳಿದುಕೊಂಡ ಎಷ್ಟೋ ಜನ ಮೊದಲನೇ ವಿಮಾನವನ್ನ ಸ್ವಂತ ತಲೆಯಿಂದ ಮಾಡಲಿಲ್ಲ, ಆಗಲೇ ಹಾರಿದ್ದನ್ನ ನೋಡಿ ಮಾಡಿದ್ರು. ಸೆಸ್ನಾ 1911ರಲ್ಲಿ ಹಿಡಿದದ್ದು ಬ್ಲೆರಿಯೋ ಮಾದರಿ. ಅದರಲ್ಲೂ ಬಿದ್ದು ಎದ್ದು ಕಲಿತ. ಅವನ ಹೆಸರಿನ ಕಂಪನಿ ಬಂದದ್ದು 1927ಕ್ಕೆ. ಆ ಕಂಪನಿಯ 172 ಮಾದರಿ 44,000ಕ್ಕೂ ಹೆಚ್ಚು ತಯಾರಾಗಿದೆ. ಜಗತ್ತಲ್ಲಿ ಅಷ್ಟು ಸಂಖ್ಯೆಯಲ್ಲಿ ಬೇರೆ ಯಾವ ವಿಮಾನವೂ ಆಗಿಲ್ಲ.

ನಮ್ಮ ಎಚ್‌ಎಎಲ್ ಕಥೆಯೂ ಅದೇ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದಾಗ ಮೈಸೂರು ಸಂಸ್ಥಾನ 25 ಲಕ್ಷ ರೂಪಾಯಿ ಬಂಡವಾಳ ಹಾಕಿ ಜಾಗ ಕೊಟ್ಟಿತ್ತು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. 1941ರಲ್ಲಿ ಅಲ್ಲಿಂದ ಹಾರಿದ ಮೊದಲನೇ ವಿಮಾನ ಅಮೆರಿಕದ ಹಾರ್ಲೋ ತರಬೇತಿ ವಿಮಾನ, ಇಲ್ಲಿ ಜೋಡಿಸಿದ್ದು. ವಿ.ಎಂ. ಘಾಟಗೆಯವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ಹಾರಿದ್ದು 1951ಕ್ಕೆ. ನಡುವೆ ಹತ್ತು ವರ್ಷ ಬೇರೆಯವರ ವಿಮಾನ ಜೋಡಿಸೋದು, ರಿಪೇರಿ ಮಾಡೋದು. ಗುಂಪಿನ ರೈತರಿಗೆ ಒಂದು ಮಾತು: 1972ರಲ್ಲಿ ಹಾರಿದ ಬಸಂತ್ ಅನ್ನೋ ವಿಮಾನ ಹೊಲಕ್ಕೆ ಔಷಧಿ ಹೊಡೆಯೋಕೇ ಎಚ್‌ಎಎಲ್ ಮಾಡಿದ್ದು. ಈಗ ಭತ್ತದ ಗದ್ದೆ ಮೇಲೆ ಡ್ರೋನ್ ಮಾಡ್ತಿರೋದೂ ಅದೇ ಕೆಲಸ.

ಪರೀಕ್ಷೆ ತಪ್ಪಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಫ್ರಾನ್ಸಿನ ಆಂರಿ ಮಿನ್ಯೆ ಇದ್ದಾನೆ. 1933ರಲ್ಲಿ ಹಿಂದೊಂದು ಮುಂದೊಂದು ರೆಕ್ಕೆಯ ಪುಟ್ಟ ವಿಮಾನ ಮಾಡಿದ, ಜನ ಅದನ್ನ 'ಹಾರುವ ಚಿಗಟ' ಅಂತ ಕರೆದ್ರು. ಯಾರು ಬೇಕಾದ್ರೂ ಮನೇಲಿ ಮಾಡಬಹುದು ಅಂತ ಪುಸ್ತಕವನ್ನೂ ಬರೆದ. ಇಂಗ್ಲೆಂಡ್, ಫ್ರಾನ್ಸಲ್ಲಿ ಜನ ಮುಗಿಬಿದ್ದು ಕಟ್ಟಿದ್ರು. ಆಮೇಲೆ ಒಂದೊಂದಾಗಿ ಮೂಗಿನ ಮೇಲೆ ಬಿದ್ದು ಪ್ರಾಣ ಹೋದವು. 1936ರಲ್ಲಿ ಪೂರ್ತಿ ಗಾತ್ರದ್ದನ್ನೇ ಗಾಳಿ ಸುರಂಗದಲ್ಲಿಟ್ಟು ನೋಡಿದಾಗ ಕಾರಣ ಸಿಕ್ತು. ಮೂಗು ಒಂದು ಮಿತಿಗಿಂತ ಕೆಳಗೆ ಹೋದಮೇಲೆ ಮೂಗೆತ್ತೋಕೆ ಹತೋಟಿ ಕೋಲು ಎಳೆದ್ರೆ ಮುಂದಿನ ರೆಕ್ಕೆಯ ಗಾಳಿ ಹಿಂದಿನ ರೆಕ್ಕೆಯನ್ನ ಇನ್ನೂ ಮೇಲಕ್ಕೆತ್ತುತ್ತಿತ್ತು. ಪೈಲಟ್ ಎಳೆದಷ್ಟೂ ಮೂಗು ಕೆಳಕ್ಕೆ. ಕಟ್ಟಿದವರ ಕೈಕೆಲಸ ಎಷ್ಟೇ ಚೆನ್ನಾಗಿದ್ರೂ ಅದರಿಂದ ತಪ್ಪಿಸಿಕೊಳ್ಳೋಕೆ ಆಗ್ತಿರಲಿಲ್ಲ.

ಸಾಮಾನಿನ ಬಗ್ಗೆ. ಬಿದಿರಲ್ಲಿ ಬ್ರೆಜಿಲ್‌ನ ಸಾಂಟೋಸ್ ಡುಮಾಂಟ್ ಹಾರಿದ್ದು ನಿಜ, ಅವನ ಡೆಮಾಯ್ಸೆಲ್ ವಿಮಾನದ ಒಡಲು ಬಿದಿರೇ. ಪೇಟೆಂಟೂ ತಗೊಳ್ಳದೆ ನಕ್ಷೆ ಹಂಚಿದ ಪುಣ್ಯಾತ್ಮ. ಆದರೆ ಆಳು ಐವತ್ತು ಕೆಜಿ ಆಸುಪಾಸು, ನಮ್ಮ ಹುಡುಗ ಮುದ್ದೆ ತಿಂದು ಬೆಳೆದವನು. ಬಿದಿರಿನ ಗೆಣ್ಣಿಂದ ಗೆಣ್ಣಿಗೆ ಬಲ ಬೇರೆ, ಒಳಗಿನ ಹುಳ ಹೊರಗೆ ಕಾಣಲ್ಲ. ಅಲ್ಯೂಮಿನಿಯಂ ಅಂತ ಅಂಗಡೀಲಿ ಕೊಡೋದು ಸಾಮಾನ್ಯವಾಗಿ ಕಿಟಕಿ ಚೌಕಟ್ಟಿನ 6063 ಅನ್ನೋ ದರ್ಜೆ. ಹಗುರ ವಿಮಾನದ ಪೈಪುಗಳಿಗೆ ಬೇಕಾದದ್ದು 6061-ಟಿ6. ಕೈಲಿ ಹಿಡಿದ್ರೆ ಎರಡೂ ಒಂದೇ ಥರ ಇರುತ್ತೆ.

ಕಾನೂನು ಬೇಗ ಮುಗಿಸ್ತೀನಿ. ವಿಡಿಯೋಗಳಲ್ಲಿ ನೋಡಿರೋದು ಅಮೆರಿಕದ್ದು. ಅಲ್ಲಿ 115 ಕೆಜಿಗಿಂತ ಹಗುರವಾದ ಒಂದಾಳಿನ ವಿಮಾನಕ್ಕೆ ನೋಂದಣಿ, ಲೈಸೆನ್ಸ್ ಬೇಡ. ಇಲ್ಲಿ ಆ ರಿಯಾಯಿತಿ ಇಲ್ಲ. ಎಂಜಿನ್ ಇಟ್ಟು ಮನುಷ್ಯ ಕೂತು ಹಾರೋದಾದ್ರೆ ವಿಮಾನಯಾನ ನಿಯಂತ್ರಿಸೋ ಸರ್ಕಾರದ ಸಂಸ್ಥೆ ಡಿಜಿಸಿಎ ಕಡೆಗೇ ಹೋಗಬೇಕು. ಮುಂಬೈನ ಅಮೋಲ್ ಯಾದವ್ ಮನೆ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದವರು, ವೃತ್ತೀಲೇ ಪೈಲಟ್. ಅವರಿಗೂ ನೋಂದಣಿ ಸಿಕ್ಕಿದ್ದು 2017ಕ್ಕೆ, ಹಾರಾಟದ ಅನುಮತಿ 2019ಕ್ಕೆ.

ಈಗ ಕೆಲಸಕ್ಕೆ ಬರೋಣ. ಹುಡುಗನ ಕೈಲಿ ಮೊದಲು ಮಾಡೆಲ್ ಮಾಡಿಸಿ. ಫೋಮ್ ಬೋರ್ಡಲ್ಲಿ 1.2 ಮೀಟರ್ ಉದ್ದ, 20 ಸೆಂ.ಮೀ. ಅಗಲದ ರೆಕ್ಕೆ, ಒಡಲಿನ ಮೇಲೆ ಕೂರಲಿ, ತುದಿಗಳು ಸ್ವಲ್ಪ ಮೇಲಕ್ಕಿರಲಿ. 2212 ಅಳತೆಯ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಮೋಟಾರ್, 10 ಇಂಚಿನ ಪ್ರೊಪೆಲ್ಲರ್, 30 ಆಂಪಿಯರ್ ಇಎಸ್‌ಸಿ (ಮೋಟಾರ್ ವೇಗ ಹತೋಟಿ ಮಾಡೋದು), 3 ಸೆಲ್ 2200 ಎಂಎಎಚ್ ಲಿಪೋ ಬ್ಯಾಟರಿ, ರೆಕ್ಕೆ ಬಾಲದ ಪಟ್ಟಿಗಳನ್ನ ಅಲುಗಿಸೋ 9 ಗ್ರಾಂ ಸರ್ವೋಗಳು. ಎಲ್ಲ ಸೇರಿ 800 ಗ್ರಾಂ ದಾಟದಂತೆ ನೋಡ್ಕೊಳ್ಳಿ. ಲಿಪೋ ಚಾರ್ಜಿಗಿಟ್ಟು ಊಟಕ್ಕೆ ಹೋಗೋದು ಬೇಡ, ಆಲೆಮನೆ ಗರಿಯ ಮಾಡು ಆಗಿದ್ರಂತೂ ಬೇಡವೇ ಬೇಡ.

ರೆಕ್ಕೆಯ ಮುಂದಿನ ಅಂಚಿಂದ ಸರಿಯಾಗಿ 5 ಸೆಂ.ಮೀ. ಹಿಂದಕ್ಕೆ ಎರಡೂ ಕಡೆ ಪೆನ್ನಲ್ಲಿ ಗೆರೆ ಎಳೀರಿ, ತೂಕದ ಕೇಂದ್ರ ಬರಬೇಕಾದ್ದು ಅಲ್ಲಿ. ಬ್ಯಾಟರಿ ಹಾಕಿದ ಮೇಲೆ ಆ ಗೆರೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದ್ರೆ ಮೂಗು ಒಂದು ಕೂದಲಿನಷ್ಟು ಕೆಳಗೆ ಬಾಗಿ ನಿಲ್ಲಬೇಕು. ಬಾಲ ಕೆಳಗೆ ಹೋದ್ರೆ ಬ್ಯಾಟರಿ ಮುಂದಕ್ಕೆ ಸರಿಸಿ. ಗಾಡಿಯ ಹಿಂದೆ ಜಾಸ್ತಿ ಕಬ್ಬು ಹೇರಿದ್ರೆ ಮೂಕಿ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತಲ್ಲ, ಬಾಲ ಭಾರ ಆದ ವಿಮಾನವೂ ಹಾಗೇ ಮೂಗೆತ್ತುತ್ತೆ, ವೇಗ ಸತ್ತು ಬೀಳುತ್ತೆ. ತೂಕದ ಕೇಂದ್ರವನ್ನ 6 ಸೆಂ.ಮೀ. ದಾಟಿ ಹಿಂದಕ್ಕೆ ಬಿಡಲೇಬೇಡಿ.

ಮೋಟಾರ್ ಆನ್ ಮಾಡೋ ಮುಂಚೆ ಕುಯ್ಲಾದ ಗದ್ದೆ ಬದುವಿನ ಮೇಲೆ ನಿಂತು, ಎದುರುಗಾಳಿಗೆ ಭುಜದ ಮಟ್ಟದಿಂದ ನೇರ ತಳ್ಳಿ ನೋಡಿ. ಎಸೀಬೇಡಿ, ತಳ್ಳಿ. ಸೀದಾ ಹೋಗಿ ಸಾವಕಾಶ ಇಳಿದ್ರೆ ಸರಿ. ಬೆಳಿಗ್ಗೆ ಎಂಟರೊಳಗೆ ಮುಗಿಸಿ, ಆಮೇಲೆ ಬಿಸಿಲಿಗೆ ಗಾಳಿ ಕುಣಿಯೋಕೆ ಶುರುವಾಗುತ್ತೆ. ಪಕ್ಕದಲ್ಲಿ ನಿಂತ ಕಬ್ಬಿದ್ರೆ ಬೇರೆ ಗದ್ದೆ ನೋಡಿ, ಅದರೊಳಗೆ ಬಿದ್ದ ಮಾಡೆಲ್ ಕಟಾವಿನವರೆಗೂ ಸಿಗಲ್ಲ. ಡ್ರೋನ್ ನಿಯಮ 2021 ಮಾಡೆಲ್‌ಗಳಿಗೂ ಅನ್ವಯ ಆಗುತ್ತೆ, ಡಿಜಿಟಲ್ ಸ್ಕೈ ಅನ್ನೋ ಸರ್ಕಾರಿ ಡ್ರೋನ್ ಮ್ಯಾಪಲ್ಲಿ ನಿಮ್ಮ ಜಾಗ ಹಸಿರಿದೆಯಾ (ಅಂದ್ರೆ ಅನುಮತಿ ಬೇಡದ ಜಾಗವಾ) ನೋಡ್ಕೊಂಡು 400 ಅಡಿಯೊಳಗೆ, ಕಣ್ಣಿಗೆ ಕಾಣೋ ಹಾಗೆ ಹಾರಿಸಿ. ಮೈಸೂರಿನವರು ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತ 8 ಕಿ.ಮೀ. ಒಳಗೆ ಅನುಮತಿಯಿಲ್ಲದೆ ಹಾರಿಸೋ ಹಾಗಿಲ್ಲ. ಕೆಆರ್‌ಎಸ್, ರಂಗನತಿಟ್ಟು ಕಡೆಗೆ ಹೋಗಲೇಬೇಡಿ.

ಅದು ಕೈಗೆ ಕೂತಮೇಲೆ ಅವನ ತಲೇಲಿರೋ ವಿಮಾನವನ್ನ ಕಾಲು ಭಾಗದ ಗಾತ್ರಕ್ಕೆ ಕಟ್ಟಲಿ. ಬರ್ಟ್ ರುಟಾನ್ ತನ್ನ ಮೊದಲನೇ ವಿಮಾನ ವೇರಿವಿಗನ್‌ನ ಮಾಡೆಲನ್ನ ಕಾರಿನ ಮೇಲೆ ಕಟ್ಟಿ, ಓಡಿಸಿಕೊಂಡು ಹೋಗಿ ಅಳತೆ ತಗೊಂಡಿದ್ದ. ಆಮೇಲೆ 1986ರಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸದೆ ಭೂಮಿ ಸುತ್ತಿದ ವಾಯೇಜರ್ ವಿಮಾನದ ವಿನ್ಯಾಸ ಮಾಡಿದವನೂ ಅವನೇ. ಬೆಂಗಳೂರು ಹೆದ್ದಾರೀಲಿ ಆ ಪ್ರಯೋಗ ಮಾಡೋಕೆ ಹೋಗ್ಬೇಡಿ ಅಷ್ಟೇ. ಒಂದು ಲೆಕ್ಕ ಅವನಿಗೆ ಈಗಲೇ ಹೇಳಿಕೊಡಿ: ಮಾಡೆಲನ್ನ ಎಲ್ಲ ಕಡೆಯಿಂದ ಎರಡರಷ್ಟು ದೊಡ್ಡದು ಮಾಡಿದ್ರೆ ರೆಕ್ಕೆಯ ವಿಸ್ತೀರ್ಣ ನಾಲ್ಕರಷ್ಟು, ತೂಕ ಎಂಟರಷ್ಟು. ಚಿಕ್ಕದು ಹಾರಿತು ಅಂತ ದೊಡ್ಡದು ಹಾರಲ್ಲ.

ಅಷ್ಟು ಹೊತ್ತಿಗೆ ಆಸಕ್ತಿ ಉಳಿದಿದ್ರೆ ಎಚ್‌ಎಎಲ್ ಅಪ್ರೆಂಟಿಸ್ ಅರ್ಜಿ ಕರೆದಾಗ ಹಾಕಿಸಿ, ಐಟಿಐ ಫಿಟ್ಟರ್‌ಗಳನ್ನ ತಗೋತಾರೆ. ರಿವೆಟ್ ಹೊಡೆಯೋದು ಸರಿಯಾಗಿ ಕಲಿಯೋಕೆ ಅದಕ್ಕಿಂತ ಒಳ್ಳೇ ಜಾಗ ನಮ್ಮ ಕಡೆ ಇಲ್ಲ.

ಮಾಡೆಲ್ ಗಾಳಿಗೆ ಬಿಟ್ಟ ದಿನ ಇಲ್ಲೇ ಹಾಕಿ. ವಿಡಿಯೋ ಜೊತೆ ಒಟ್ಟು ತೂಕ, ರೆಕ್ಕೆಯ ಅಳತೆ, ತೂಕದ ಕೇಂದ್ರ ಎಷ್ಟು ಸೆಂ.ಮೀ.ಗೆ ಬಂತು ಅನ್ನೋದನ್ನೂ ಬರೀರಿ. ಬರೀ ವಿಡಿಯೋ ನೋಡಿ ಯಾಕೆ ಬಿತ್ತು ಅಂತ ಹೇಳೋಕಾಗಲ್ಲ.