ಅಜ್ಜಿ ಕಥೆಗೂ ಅಮೆರಿಕದ ಗಡಿಯಾರಕ್ಕೂ ಜಗಳ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎರಡು. ಚಳಿಗಾಲದಲ್ಲಿ ರಾತ್ರಿ ಏಳೂವರೆಗೆ ಮೈಸೂರಿನಿಂದ ಅತ್ತೆ ವಿಡಿಯೊ ಕಾಲ್ ಮಾಡಿ ಕಥೆ ಹೇಳುತ್ತಾರೆ. ಎಂಟಕ್ಕೆ ಮಕ್ಕಳು ಮಲಗುತ್ತಾರೆ. ಮಾರ್ಚ್‌ನಲ್ಲಿ ಇಲ್ಲಿ ಎಲ್ಲರೂ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಮೇಲೆ ಅದೇ ಕಾಲ್ ಎಂಟೂವರೆಗೆ ಬರುತ್ತದೆ. ಹೋದ ವರ್ಷ ಮಕ್ಕಳು ಹತ್ತಾದರೂ ಮಲಗದೆ, ಬೆಳಿಗ್ಗೆ ಡೇಕೇರ್‌ಗೆ ಹೊರಡುವಾಗ ದಿನಾ ರಂಪ. ಬೇಗ ಮಾಡಿ ಅಂದರೆ ಅತ್ತೆಗೆ ಬೇಜಾರು. ಗಂಡ, ಅಮ್ಮನಿಗೆ ಏನೂ ಹೇಳಬೇಡ ಅನ್ನುತ್ತಾರೆ.

ಉತ್ತರ: ಪಾಪ, ನಿಮ್ಮ ಅತ್ತೆ ದಿನಾ ಸರಿಯಾಗಿ ಬೆಳಿಗ್ಗೆ ಆರಕ್ಕೇ ಫೋನ್ ಮಾಡುತ್ತಿದ್ದಾರೆ. ಭಾರತದ ಗಡಿಯಾರ ವರ್ಷವಿಡೀ ಒಂದೇ, ಜರುಗುವುದು ನಿಮ್ಮದು. ಬೇಗ ಮಾಡಿ ಅಂದರೆ ಅವರು ಐದಕ್ಕೇ ಕಥೆಗೆ ಕೂರಬೇಕು. ಸೊಸೆ ಹೀಗಂದರೆ ಫೋನೇ ಬೇಡ ಅಂದಂತೆ ಕೇಳಿಸುತ್ತದೆ. ಹಾಗಾಗಿ ಇದನ್ನು ವಿವರಿಸಿ ಹೇಳಬೇಕಾದವರು ಅವರ ಮಗ, ನೀವಲ್ಲ. ನಾಲ್ಕು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು, ಚಿಕ್ಕವನಿಗೆ ಇನ್ನೂ ಜಾಸ್ತಿ. ಹತ್ತಕ್ಕೆ ಮಲಗಿ ಡೇಕೇರ್‌ಗೆ ಎದ್ದರೆ ಲೆಕ್ಕ ಕೂಡುವುದಿಲ್ಲ ಅಂತ ನಿಮ್ಮ ಯಜಮಾನರಿಗೆ ಮೊದಲು ಹೇಳಿ.

ಗಡಿಯಾರ ಬದಲಾಗುವುದು ಮಾರ್ಚ್‌ನ ಎರಡನೇ ಭಾನುವಾರ. 2027ರಲ್ಲಿ ಅದು 14ನೇ ತಾರೀಕು. ಅದಕ್ಕೂ ಮುಂಚಿನ ಬುಧವಾರದಿಂದ ದಿನಕ್ಕೆ ಹದಿನೈದು ನಿಮಿಷ ಮೊದಲೇ ಮಲಗಿಸುತ್ತಾ ಬನ್ನಿ. ಶನಿವಾರ ರಾತ್ರಿ ಏಳಕ್ಕೆ ಬಂದು ನಿಲ್ಲುತ್ತೀರಿ, ಭಾನುವಾರದ ಹೊಸ ಎಂಟು ಅದೇ ಹೊತ್ತು. ಮಲಗಿಸುವುದೊಂದನ್ನೇ ಅಲ್ಲ, ಊಟ, ಸ್ನಾನ, ಬೆಳಿಗ್ಗೆ ಎಬ್ಬಿಸುವುದು ಎಲ್ಲವೂ ಅದರ ಜೊತೆಗೇ ಅಷ್ಟಷ್ಟು ಮೊದಲೇ ಆಗಬೇಕು. ಎಬ್ಬಿಸುವುದೇ ಮುಖ್ಯ. ಭಾನುವಾರ ತಾನೇ ಅಂತ ಮಲಗಲು ಬಿಡಬೇಡಿ. ಎಬ್ಬಿಸಿ, ಪರದೆ ಸರಿಸಿ, ಬಿಸಿಲಿಗೆ ಕರೆದುಕೊಂಡು ಹೋಗಿ. ಬೆಳಗಿನ ಬೆಳಕು ಬಿದ್ದರೆ ರಾತ್ರಿ ನಿದ್ದೆ ಬೇಗ ಬರುತ್ತದೆ. ಸಂಜೆಯ ಬೆಳಕು ಅದನ್ನು ಮುಂದೂಡುತ್ತದೆ. ಜೂನ್‌ನಲ್ಲಿ ನಿಮ್ಮಲ್ಲಿ ಸೂರ್ಯ ಮುಳುಗುವುದೇ ಸುಮಾರು ಎಂಟೂವರೆಗೆ ಅಲ್ವಾ? ಮಲಗುವ ಕೋಣೆಗೆ ದಪ್ಪ ಪರದೆ ಈಗಲೇ ಹಾಕಿಸಿ. ನಿದ್ದೆ ಬರಲೆಂದು ಅಂಗಡಿಯಲ್ಲಿ ಸಿಗುವ ಮೆಲಟೋನಿನ್ ಗಮ್ಮಿಯನ್ನು ಮಕ್ಕಳ ಡಾಕ್ಟರನ್ನು ಕೇಳದೆ ಕೊಡಬೇಡಿ.

ಇನ್ನು ಕಥೆ. ಅದನ್ನು ನಿಲ್ಲಿಸಬೇಡಿ, ವಿಡಿಯೊ ಮಾತ್ರ ಬಿಡಿ. ಅತ್ತೆ ಕಾಫಿ ಕುಡಿದಾದ ಮೇಲೆ, ಅವರಿಗೆ ಬಿಡುವಾದಾಗ ವಾಟ್ಸ್ಆ್ಯಪ್‌ನಲ್ಲಿ ಕಥೆ ಹೇಳಿ ಕಳಿಸಲಿ. ರಾತ್ರಿ ನೀವು ದೀಪ ಆರಿಸಿ ಅದನ್ನು ಹಾಕಿ. ಕಣ್ಣಿಗೆ ಫೋನ್ ಪರದೆಯ ಬೆಳಕಿಲ್ಲ, ಅಜ್ಜಿಗೆ ತಮ್ಮನ ಪಲ್ಟಿ ತೋರಿಸುವ ಗಲಾಟೆಯೂ ಇಲ್ಲ. ಮೇಲೆ ಹೇಳಿದ ಬುಧವಾರದಿಂದಲೇ ಶುರು ಮಾಡಿ, ಬೇಗ ಮಲಗಿಸುವ ಆ ನಾಲ್ಕು ದಿನ ಏಳೂವರೆಯ ಕಾಲ್ ಹೇಗೂ ಹೊಂದುವುದಿಲ್ಲ. ಮುಖ ನೋಡಿ ಮಾತಾಡುವುದಕ್ಕೆ ಶನಿವಾರ, ಭಾನುವಾರ ಬೆಳಿಗ್ಗೆ ಎಂಟೂವರೆ ಇದೆ. ಆಗ ಮೈಸೂರಿನಲ್ಲಿ ಸಂಜೆ ಆರು, ದೀಪ ಹಚ್ಚುವ ಹೊತ್ತು.

ನವೆಂಬರ್‌ನ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಬಂದಾಗ ಇದೇ ಕ್ರಮವನ್ನು ತಿರುಗಿಸಿ, ಮಲಗಿಸುವುದನ್ನು ಸ್ವಲ್ಪ ಸ್ವಲ್ಪವೇ ತಡ ಮಾಡಿ. ಅತ್ತೆಯ ಆರು ಗಂಟೆ ಮತ್ತೆ ನಿಮ್ಮ ಏಳೂವರೆಗೆ ಕೂಡುತ್ತದೆ, ವಿಡಿಯೊ ಕಥೆ ಬೇಕಾದರೆ ಆಗ ಮತ್ತೆ ಶುರುವಾಗಲಿ. ಈ ಮಾತನ್ನೂ ಮಗನೇ ಈಗಲೇ ಅಮ್ಮನಿಗೆ ಹೇಳಿಡಲಿ.