ನಿಧಿ ಹುಡುಕುವ ಆಟದಿಂದ ಮಕ್ಕಳಿಗೆ ಆರಂಕಿ ಗ್ರಿಡ್ ರೆಫರೆನ್ಸ್ ಕಲಿಸೋದು ಹೇಗೆ?

ಆರಂಕಿ ಗ್ರಿಡ್ ರೆಫರೆನ್ಸ್ ಅಂದರೆ ನಕ್ಷೆಯ ಚೌಕಗೆರೆಗಳ (ಗ್ರಿಡ್) ನಂಬರಿನಿಂದ ಜಾಗ ಹೇಳುವ ಆರು ಅಂಕಿ. ಮೊದಲ ಮೂರು ಪೂರ್ವಕ್ಕೆ, ಕೊನೆಯ ಮೂರು ಉತ್ತರಕ್ಕೆ. ಪ್ರತಿ ಮೂರರಲ್ಲೂ ಮೊದಲೆರಡು ಗೆರೆಯ ನಂಬರ್, ಮೂರನೆಯದು ಆ ಗೆರೆಯಿಂದ ಮುಂದೆ ಚೌಕದ ಎಷ್ಟು ಹತ್ತನೇ ಭಾಗ ಅನ್ನೋದು. ಒಂಬತ್ತನೇ ತರಗತಿಯವರಿಗೆ, ಶಾಲೆಯ ಮೈದಾನದಲ್ಲೇ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಆದರೆ ಡಬ್ಬಿ ಬಚ್ಚಿಟ್ಟು ಹುಡುಕಿಸಿದರೆ ಮಕ್ಕಳು ಪೊದೆ ಕೆದಕೋದನ್ನ ಕಲಿಯುತ್ತಾರೆ, ನಕ್ಷೆ ಓದೋದನ್ನಲ್ಲ. ನಿಧಿ ಎಲ್ಲರ ಕಣ್ಣಿಗೂ ಬೀಳಬೇಕು. ಯಾವುದು ಅಸಲಿ ಅನ್ನೋದು ಮಾತ್ರ ಗ್ರಿಡ್ ಓದಿದವರಿಗೇ ಗೊತ್ತಾಗಬೇಕು.

ಮೊದಲು ಮೈದಾನ. ಪೂರ್ವ-ಪಶ್ಚಿಮವಾಗಿ 60 ಮೀಟರ್, ಉತ್ತರ-ದಕ್ಷಿಣವಾಗಿ 40 ಮೀಟರ್ ಸಾಕು. ಮೈದಾನ ಸ್ವಲ್ಪ ಓರೆಯಾಗಿದ್ದರೆ ನಕ್ಷೆಯ ಮೇಲ್ಬದಿಯೇ ಉತ್ತರ ಅಂತ ಒಪ್ಪಿಕೊಂಡು ಆಡಿ. ಅಂಚಿನ ಸುತ್ತ 10 ಮೀಟರಿಗೊಂದರಂತೆ 20 ಗೂಟ ನೆಡಿ. ಒಳಗೆ ಗೆರೆಗಳು ಕೂಡುವ 15 ಕಡೆ ಸುಣ್ಣದ ಪುಡಿಯಲ್ಲಿ ಅಂಗೈಯಗಲದ ಗುರುತು ಹಾಕಿ. ಪೂರ್ತಿ ಗೆರೆ ಎಳೆಯೋಕೆ ಹೋದರೆ 580 ಮೀಟರ್ ಆಗುತ್ತೆ, ವ್ಯರ್ಥ ಕೆಲಸ. ಮೂಲೆಮಟ್ಟ ಸರಿ ಇದೆಯಾ ನೋಡೋಕೆ ಎರಡೂ ಕರ್ಣ ಅಳೆಯಿರಿ, ಎರಡೂ 72.1 ಮೀಟರ್ ಬರಬೇಕು. ಹಗ್ಗದಲ್ಲಿ ಅಳೆಯಬೇಡಿ, ಎಳೆದಷ್ಟೂ ಹಿಗ್ಗುತ್ತೆ. ಪಿಟಿ ಮೇಷ್ಟ್ರ ಟೇಪು ಒಳ್ಳೇದು.

ನಕ್ಷೆಯನ್ನು 1:500 ಅಳತೆಯಲ್ಲೇ ಬರೆಯಿರಿ. ಆಗ 10 ಮೀಟರಿನ ಚೌಕ ಹಾಳೆಯ ಮೇಲೆ 2 ಸೆಂ.ಮೀ. ಆಗುತ್ತೆ. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟಿನಲ್ಲಿ (ಊರು, ಬೆಟ್ಟ, ಹಳ್ಳ ತೋರಿಸುವ ಸರ್ಕಾರಿ ನಕ್ಷೆ) 1 ಕಿ.ಮೀ. ಚೌಕವೂ 2 ಸೆಂ.ಮೀ. ಹಾಗಾಗಿ ಇಲ್ಲಿ ಮಾಡಿಕೊಂಡ ಅಳತೆಪಟ್ಟಿ ಅಲ್ಲಿಗೂ ಬರುತ್ತೆ. ಪಟ್ಟಿ ಅಂದರೆ ಏನಿಲ್ಲ, ಲಗ್ನಪತ್ರಿಕೆಯ ರಟ್ಟು. ಬಲ ಮೇಲ್ಮೂಲೆಯೇ ಸೊನ್ನೆ. ಅಲ್ಲಿಂದ ಎಡಕ್ಕೂ ಕೆಳಕ್ಕೂ 2 ಮಿ.ಮೀ.ಗೊಂದರಂತೆ ಹತ್ತತ್ತು ಗೀಟು. ಆ ಮೂಲೆಯನ್ನು ಬೇಕಾದ ಬಿಂದುವಿನ ಮೇಲಿಟ್ಟರೆ, ಚೌಕದ ಎಡಗೆರೆ ಮೇಲಂಚನ್ನು ಮುಟ್ಟುವ ಗೀಟು ಮೂರನೇ ಅಂಕಿ, ಕೆಳಗೆರೆ ಬಲ ಅಂಚನ್ನು ಮುಟ್ಟುವ ಗೀಟು ಆರನೇ ಅಂಕಿ. ಎರಡು ಗೀಟಿನ ಮಧ್ಯೆ ಬಂದರೆ ಚಿಕ್ಕ ಸಂಖ್ಯೆಯನ್ನೇ ತಗೊಳ್ಳಬೇಕು.

ಮೊದಲು ಪೂರ್ವ, ಆಮೇಲೆ ಉತ್ತರ ಅನ್ನೋ ಕ್ರಮ ನೆನಪಿರೋಕೆ ಒಂದೇ ಮಾತು: ತೆಂಗಿನಮರದ ಬುಡಕ್ಕೆ ನಡಿ, ಆಮೇಲೆ ಮರ ಹತ್ತು.

ಈಗ ಗೆರೆಗಳಿಗೆ ನಂಬರ್. ಅಡ್ಡಕ್ಕೆ 41ರಿಂದ 47, ಮೇಲಕ್ಕೆ 42ರಿಂದ 46. ಎರಡೂ ಕಡೆ ಬೇಕಂತಲೇ ಹತ್ತಿರದ ಸಂಖ್ಯೆ. ಯಾಕೆಂದರೆ ಅದಲುಬದಲು ಓದಿದವರು ನಕ್ಷೆಯಿಂದಾಚೆ ಬೀಳಬಾರದು, ತಪ್ಪು ಜಾಗಕ್ಕೇ ಹೋಗಿ ನಿಲ್ಲಬೇಕು. ನಿಧಿ ಅಂದರೆ ಸೋಡಾ ಬಾಟಲಿಯ ಮುಚ್ಚಳ, ಒಳಗೊಂದು ಅಕ್ಷರ. 446423ಕ್ಕೆ 44ನೇ ಗೆರೆಯಿಂದ 6 ಮೀಟರ್ ಪೂರ್ವಕ್ಕೆ, 42ರಿಂದ 3 ಮೀಟರ್ ಉತ್ತರಕ್ಕೆ ಹೋಗಿ. ಅಲ್ಲಿ ಶುರುವಾಗುವ ಒಂದು ಮೀಟರ್ ಚೌಕದ ನಡುವೆ ಅಸಲಿ ಮುಚ್ಚಳ ಇಡಿ. ಆರಂಕಿ ಹೇಳೋದು ಬಿಂದುವನ್ನಲ್ಲ, ಆ ಚೌಕವನ್ನು. ಜೊತೆಗೆ ಎರಡು ನಕಲಿ: ಅದಲುಬದಲಾದವರಿಗೆ 423446ರಲ್ಲಿ ಒಂದು, 44ನ್ನು ಚೌಕದ ಬಲಗೆರೆ ಅಂದುಕೊಂಡವರಿಗೆ 436423ರಲ್ಲಿ ಇನ್ನೊಂದು. ಹೀಗೆ ಐದು ರೆಫರೆನ್ಸಿಗೆ 15 ಮುಚ್ಚಳ. ಅಸಲಿ ಐದೂ ಸೇರಿದರೆ ‘ಚಾ-ಮುಂ-ಡಿ-ಬೆ-ಟ್ಟ’. ಯಾವ ತಂಡದ ಪದ ಎಲ್ಲಿ ಕೆಟ್ಟಿದೆ ನೋಡಿದರೆ ಯಾರು ಯಾವ ತಪ್ಪು ಮಾಡಿದರು ಅಂತ ಕೇಳದೇ ಗೊತ್ತಾಗುತ್ತೆ. ಮೂರ್ನಾಲ್ಕು ಜನರ ತಂಡ ಸಾಕು, ಹೆಚ್ಚಾದರೆ ಒಬ್ಬ ಓದ್ತಾನೆ, ಉಳಿದವರು ಓಡ್ತಾರೆ. ಮುಚ್ಚಳದ ಅಕ್ಷರ ಬರೆದುಕೊಂಡು ಅಲ್ಲೇ ಬಿಟ್ಟು ಬರಬೇಕು.

ಮೈದಾನದಲ್ಲಿ ಮೊಬೈಲ್ ಜಿಪಿಎಸ್ ಬೇಡ. ಬಯಲಲ್ಲೂ ಅದು ನಾಲ್ಕೈದು ಮೀಟರ್ ಆಚೀಚೆ ತೋರಿಸುತ್ತೆ, ನಮ್ಮ ಚೌಕ ಒಂದೇ ಮೀಟರ್. ಟೋಪೋಶೀಟಿಗೆ ಹೋದ ಮೇಲೆ ಆರಂಕಿಯ ಚೌಕ 100 ಮೀಟರ್ ಆಗೋದರಿಂದ ತಾಳೆ ನೋಡಲು ಬಳಸಬಹುದು. ಆದರೆ ಮೊಬೈಲ್ ಮಾಮೂಲಾಗಿ ಕೊಡೋದು ಅಕ್ಷಾಂಶ-ರೇಖಾಂಶ, ಅದರಲ್ಲಿ ಉತ್ತರ ಮೊದಲು, ಗ್ರಿಡ್‌ಗೆ ತದ್ವಿರುದ್ಧ. ಆ್ಯಪ್‌ನಲ್ಲಿ ಯುಟಿಎಂಗೆ (ಭೂಮಿಯನ್ನು ವಲಯಗಳಾಗಿ ಹಂಚಿ, ಪೂರ್ವ-ಉತ್ತರದ ಅಂಕಿಯನ್ನು ಮೀಟರಿನಲ್ಲಿ ಹೇಳುವ ಗ್ರಿಡ್) ಬದಲಿಸಿಕೊಂಡು ವಲಯದ ಸಂಖ್ಯೆಯನ್ನೂ ನೋಡಿ. 78 ಡಿಗ್ರಿ ರೇಖಾಂಶದಲ್ಲಿ ವಲಯ ಬದಲಾಗುತ್ತೆ. ಬೆಂಗಳೂರು 43ರಲ್ಲಿದೆ, ಕೋಲಾರ ಪಟ್ಟಣ 44ರಲ್ಲಿ. ಬೆಂಗಳೂರಲ್ಲಿ ಸುಮಾರು 7,80,000 ತೋರಿಸುತ್ತಿದ್ದ ಪೂರ್ವದ ಅಂಕಿ ಕೋಲಾರದಲ್ಲಿ 1,90,000ದ ಆಸುಪಾಸಿಗೆ ಇಳಿದರೆ ಮೊಬೈಲ್ ಕೆಟ್ಟಿಲ್ಲ, ವಲಯ ದಾಟಿದ್ದೀರಿ ಅಷ್ಟೇ.